ಗಾಯರಾಣದ ಹುಲ್ಲು, ಹಟ್ಟಿಯ ಕುರಿ

ಧಾರವಾಡ ಸೀಮೆಯ ನೆಲ ಪಶ್ಚಿಮದಿಂದ ಪೂರ್ವಕ್ಕೆ ಬಲು ಬೇಗ ಬದಲಾಗುತ್ತದೆ. ಅಳ್ನಾವರ, ಕಲಘಟಗಿಯ ಕಡೆ ಭತ್ತದ ಗದ್ದೆ, ತೇಗದ ಕಾಡು. ಹುಬ್ಬಳ್ಳಿಯ ಬೆಂಗೇರಿ, ಕೇಶ್ವಾಪುರಗಳನ್ನು ಹಿಂದೆ ಬಿಟ್ಟು ಗದಗದ ದಾರಿ ಹಿಡಿದರೆ ಮರ ವಿರಳವಾಗುತ್ತದೆ, ಎರೆಭೂಮಿ ಚಾಚಿಕೊಳ್ಳುತ್ತದೆ. ಪಶ್ಚಿಮದ ತುದಿಯಲ್ಲಿ ಸಾವಿರ ಮಿಲಿಮೀಟರಿನ ಸಮೀಪವಿರುವ ವರ್ಷದ ಮಳೆ ನವಲಗುಂದ, ರೋಣದ ಹೊತ್ತಿಗೆ ಆರುನೂರರ ಆಸುಪಾಸಿಗೆ ಇಳಿಯುತ್ತದೆ. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಹತ್ತಿ ಬೆಳೆಯುತ್ತವೆ. ಉಳುಮೆಗೆ ಒಗ್ಗದ ಗರಸು ದಿನ್ನೆ, ಕಲ್ಲುಗುಡ್ಡ, ಹಳ್ಳದ ದಂಡೆಗಳಲ್ಲಿ ಹುಲ್ಲು ಬೆಳೆಯುತ್ತದೆ. ಊರಿಗೆಲ್ಲ ಸೇರಿದ ಇಂಥ ಮೇವಿನ ನೆಲಕ್ಕೆ ಈ ಭಾಗದಲ್ಲಿ ಗಾಯರಾಣವೆಂಬ ಹೆಸರಿದೆ. ಹಳೇ ಮೈಸೂರು ಸೀಮೆಯಲ್ಲಿ ಅದು ಗೋಮಾಳ. ಕಂದಾಯ ದಾಖಲೆಯಲ್ಲಿ ಇದರ ಬಹುಪಾಲಿಗೆ ಬಿದ್ದಿರುವ ಮುದ್ರೆ ಮಾತ್ರ ಒಂದೇ: ಖರಾಬು.

ಈ ಮುದ್ರೆಯ ಪರಿಣಾಮ ಸಣ್ಣದಲ್ಲ. ಎಂ.ಡಿ. ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಉಪಗ್ರಹ ಚಿತ್ರಗಳ ನೆರವಿನಿಂದ ದೇಶದ ಬಯಲು ಪರಿಸರಗಳ ನಕ್ಷೆ ತಯಾರಿಸಿದ್ದಾರೆ. ಅದರ ಪ್ರಕಾರ ಭಾರತದ ಸುಮಾರು ಹತ್ತನೇ ಒಂದು ಭಾಗ, ಅಂದರೆ ಮೂರು ಲಕ್ಷ ಚದರ ಕಿಲೋಮೀಟರಿನಷ್ಟು ನೆಲ, ಸಹಜ ಹುಲ್ಲುಗಾವಲು, ಕುರುಚಲು ಮತ್ತು ಕಲ್ಲುಬಯಲು. ಇದರ ಮೂರರಲ್ಲಿ ಎರಡು ಪಾಲನ್ನು ಸರ್ಕಾರದ ಪಾಳುಭೂಮಿ ಭೂಪಟ ‘ಪಾಳು’ ಎಂದೇ ಗುರುತಿಸಿದೆ. ವನ್ಯಜೀವಿ ಧಾಮಗಳ ಒಳಗೆ ಸೇರಿರುವುದು ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಜಗತ್ತಿನ ಒಟ್ಟು ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೇಯುವ ಸೀಮೆಯೇ ಆಗಿದ್ದರೂ ಸಂರಕ್ಷಣೆಯ ಮಾತು ಬಂದಾಗ ಕಣ್ಣು ಮರದ ಕಡೆಗೇ ಹೋಗುತ್ತದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ್ದು ಈ ಓರೆನೋಟವನ್ನು ತಿದ್ದುವುದಕ್ಕೆ.

ದಖ್ಖನಿನ ಹುಲ್ಲುಗಾವಲು ಕಾಡು ಕಡಿದ ಮೇಲೆ ಉಳಿದ ಬೋಳುನೆಲವಲ್ಲ. ಪರ್ಯಾಯ ದ್ವೀಪದ ಒಣಸೀಮೆಯ ಹುಲ್ಲುಗಳನ್ನು ಸಸ್ಯಶಾಸ್ತ್ರಜ್ಞರು ಸೆಹಿಮಾ–ಡೈಕ್ಯಾಂಥಿಯಂ ವರ್ಗವೆಂದು ಕರೆಯುತ್ತಾರೆ. ಗರಸು ನೆಲದಲ್ಲಿ ಸೆಹಿಮಾ, ಎರೆಯಲ್ಲಿ ಡೈಕ್ಯಾಂಥಿಯಂ ಹೆಚ್ಚು. ಇವು ಸುಡುಬಿಸಿಲಿಗೆ ಹೇಳಿ ಮಾಡಿಸಿದ ಗಿಡಗಳು. ಗಾಳಿಯ ಇಂಗಾಲವನ್ನು ಎಲೆಯ ಒಳಕೋಶಗಳಲ್ಲಿ ಮೊದಲು ಒಟ್ಟುಗೂಡಿಸಿಕೊಂಡು ಆಮೇಲೆ ಸಕ್ಕರೆ ಮಾಡುವುದರಿಂದ ಎಲೆಯ ರಂಧ್ರಗಳನ್ನು ಹೆಚ್ಚು ಹೊತ್ತು ತೆರೆದಿಡಬೇಕಿಲ್ಲ, ನೀರು ಉಳಿಯುತ್ತದೆ. ಜೋಳ, ಸಜ್ಜೆಗಳೂ ಇದೇ ಬಗೆಯವು. ಗಿಡದ ದೊಡ್ಡ ಪಾಲು ನೆಲದಡಿ ಬೇರಾಗಿ ಇರುತ್ತದೆ, ಬೆಂಕಿ ಬಿದ್ದರೂ ಅಲ್ಲಿನ ಇಂಗಾಲ ಹಾಗೆಯೇ ಉಳಿಯುತ್ತದೆ. ಈಟಿಯಂಥ ಬೀಜದ ಹೆಟೆರೊಪೋಗಾನ್ ಹುಲ್ಲಿನದು ಇನ್ನೂ ಸೋಜಿಗದ ಸಂಗತಿ. ಅದರ ಬೀಜದ ಉದ್ದನೆಯ ಬಾಲ ತೇವಕ್ಕೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಸುತ್ತಿಕೊಳ್ಳುತ್ತದೆ. ಹಗಲು ಇರುಳುಗಳ ಈ ತಿರುಚಾಟದಲ್ಲಿ ಬೀಜ ತಾನೇ ಮಣ್ಣನ್ನು ಕೊರೆದುಕೊಂಡು ಒಳಗಿಳಿಯುತ್ತದೆ. ಅದೇ ಬೀಜ ಕುರಿಯ ತುಪ್ಪಟಕ್ಕೂ ಚುಚ್ಚಿಕೊಂಡು ಚರ್ಮಕ್ಕೆ ಇಳಿಯುವುದರಿಂದ, ತೆನೆ ಬಲಿತ ದಿನಗಳಲ್ಲಿ ಕುರಿಗಾಹಿಗಳು ಆ ದಿನ್ನೆಗಳಿಂದ ದೂರವಿರುತ್ತಾರೆ.

ಹುಲ್ಲಿನ ಬೆಳೆಯುವ ಮೊಗ್ಗು ತುದಿಯಲ್ಲಿಲ್ಲ, ಬುಡದಲ್ಲಿದೆ. ಆದ್ದರಿಂದ ಕುರಿ ಮೇಲಿನ ಎಲೆ ಕಿತ್ತು ತಿಂದರೆ ಹುಲ್ಲು ಸಾಯುವುದಿಲ್ಲ. ಒಣಗಿದ ಹಳೆಯ ಕಡ್ಡಿ ಹೋಗಿ ಬುಡಕ್ಕೆ ಬೆಳಕು ಬಿದ್ದು ಹೊಸ ಚಿಗುರು ಒಡೆಯುತ್ತದೆ. ತೊಂದರೆ ಬರುವುದು ಹೊತ್ತು ತಪ್ಪಿದಾಗ. ಮೊದಲ ಮಳೆಗೆ ಚಿಗುರುವ ಹುಲ್ಲು ಬೇರಿನಲ್ಲಿ ಕೂಡಿಟ್ಟ ಗಂಟನ್ನು ಕರಗಿಸಿ ಎಲೆ ಮಾಡಿಕೊಂಡಿರುತ್ತದೆ. ಆ ಎಲೆಯನ್ನು ಮತ್ತೆ ಮತ್ತೆ ಮೇಯಿಸಿದರೆ ಬೇರು ಸಣ್ಣಗಾಗುತ್ತದೆ, ಮೂರು ನಾಲ್ಕು ವರ್ಷಗಳಲ್ಲಿ ಬಹುವಾರ್ಷಿಕ ಹುಲ್ಲಿನ ಗಡ್ಡೆ ಸತ್ತು ಅದರ ಜಾಗಕ್ಕೆ ಒಂದೇ ಮಳೆಗಾಲ ಬದುಕುವ ಒರಟು ಹುಲ್ಲು ಬರುತ್ತದೆ. ಮಳೆನೀರನ್ನು ತಡೆಯುತ್ತಿದ್ದ ಬುಡಗಳು ಹೋದ ಮೇಲೆ ಮಣ್ಣೂ ಹಳ್ಳದ ಪಾಲು. ಹಾಗೆಂದು ಪೂರ್ತಿ ಬೇಲಿ ಹಾಕಿ ಮೇಯಿಸುವುದನ್ನೇ ನಿಲ್ಲಿಸಿದರೆ ಹುಲ್ಲು ಉಳಿದೀತು ಎನ್ನುವಂತೆಯೂ ಇಲ್ಲ. ಒಣ ಕಡ್ಡಿ ದಟ್ಟೈಸುತ್ತದೆ, ಮುಳ್ಳುಕಂಟಿ ಏಳುತ್ತದೆ, ಬಳ್ಳಾರಿ ಜಾಲಿ ಬಂದು ಕೂಡುತ್ತದೆ. ಮೇಯುವಿಕೆ ಇರಬೇಕು, ಜೊತೆಗೆ ಹುಲ್ಲಿಗೆ ಬಿಡುವೂ ಸಿಗಬೇಕು. ಪಶುಪಾಲಕರ ಅಲೆದಾಟದ ಒಳಗುಟ್ಟು ಇಷ್ಟೇ.

ಈ ಸೀಮೆಯಲ್ಲಿ ಅಲೆಯುವವರು ಮುಖ್ಯವಾಗಿ ಹಾಲುಮತದ ಕುರುಬರು. ಅವರ ಕುರಿ ದಖ್ಖನಿ ತಳಿಯ ಕರಿ ಕುರಿ. ಒರಟು ಉಣ್ಣೆ, ಗಟ್ಟಿ ಗೊರಸು, ಎಷ್ಟು ದೂರವಾದರೂ ನಡೆಯುವ ಕಾಲು ಅದರ ಗುಣ. ಎಡೆಬಿಡದ ಮಳೆ ಅದಕ್ಕೆ ಆಗದು, ಗೊರಸು ಕೊಳೆಯುತ್ತದೆ. ಹಾಗಾಗಿ ಮುಂಗಾರಿನಲ್ಲಿ ಹಟ್ಟಿಗಳು ಪೂರ್ವದ ಒಣ ದಿನ್ನೆಗಳಲ್ಲಿರುತ್ತವೆ. ಸುಗ್ಗಿ ಮುಗಿದು ಹೊಲಗಳು ಖಾಲಿಯಾದಂತೆ ಪಶ್ಚಿಮಕ್ಕೆ, ಕಲಘಟಗಿ, ಮುಂಡಗೋಡ, ಹಳಿಯಾಳದ ಕೊಯ್ದ ಗದ್ದೆಗಳ ಕಡೆಗೆ ಸರಿಯುತ್ತವೆ. ಅಲ್ಲಿ ರೈತ ತನ್ನ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾನೆ. ರಾತ್ರಿಯಿಡೀ ಹಿಂಡು ಒಂದೇ ಕಡೆ ಮಲಗಿದರೆ ಹಿಕ್ಕೆಯೂ ಗಂಜಲವೂ ನೇರ ಮಣ್ಣಿಗೆ ಸೇರುತ್ತವೆ. ಹೇರುವ, ಹರಡುವ ಕೂಲಿ ಇಲ್ಲ. ಕುರಿಹಿಕ್ಕೆಯಲ್ಲಿ ಸಾರಜನಕದ ಪ್ರಮಾಣ ದನದ ಸಗಣಿಗಿಂತ ಹೆಚ್ಚು. ಬದಲಿಗೆ ಕುರಿಗಾಹಿಗೆ ಕಾಳು ಇಲ್ಲವೇ ರೊಕ್ಕ, ಕುರಿಗೆ ಕೂಳೆ ಮೇವು. ಗುಡ್ಡದ ಹುಲ್ಲಿನ ಸಾರ ಗದ್ದೆಯ ಭತ್ತವಾಗುವ ಈ ವಹಿವಾಟಿಗೆ ಬರಹದ ಕರಾರು ಇಲ್ಲ. ವರ್ಷವರ್ಷವೂ ಅದೇ ಊರು, ಅದೇ ಮನೆತನಗಳ ನಂಬಿಕೆಯ ಮೇಲೆ ಅದು ನಡೆದಿದೆ. ಆರು ತಿಂಗಳು ಹಿಂಡು ಊರಾಚೆ ಇರುವುದೇ ಗಾಯರಾಣದ ಹುಲ್ಲಿಗೆ ಸಿಗುವ ಬಿಡುವು.

ಗಾಯರಾಣ ಕರಗಿದರೆ ಈ ಸುತ್ತು ಮುರಿಯುತ್ತದೆ, ಕರಗುವ ದಾರಿಗಳೂ ಹಲವು. ಕರ್ನಾಟಕ ಭೂಕಂದಾಯ ನಿಯಮಗಳು 1966ರಲ್ಲೇ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಊರಿನ ಪುಕ್ಕಟೆ ಮೇವಿಗೆ ಸರ್ಕಾರಿ ಭೂಮಿ ಕಾದಿರಿಸಬೇಕೆಂದು ಹೇಳಿವೆ. ಈ ಲೆಕ್ಕದ ಇನ್ನೊಂದು ಮುಖ ಕಡಿಮೆ ಜನರ ಗಮನಕ್ಕೆ ಬಂದಿದೆ. ಜಾನುವಾರು ಗಣತಿಯಲ್ಲಿ ಸಂಖ್ಯೆ ಇಳಿದರೆ ಅಷ್ಟು ಭೂಮಿ ‘ಹೆಚ್ಚುವರಿ’ ಎನಿಸಿಕೊಳ್ಳುತ್ತದೆ, ಹಂಚಿಕೆಗೆ ತೆರೆದುಕೊಳ್ಳುತ್ತದೆ. ಗಣತಿಯ ದಿನ ಹಿಂಡು ಬೇರೆ ತಾಲ್ಲೂಕಿನಲ್ಲಿದ್ದರೆ ಊರಿನ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕೆ 1991ರಲ್ಲಿ ಕಾಯ್ದೆಯಲ್ಲೇ ದಾರಿ ಮಾಡಿಕೊಟ್ಟ ಮೇಲೆ ಉಳುಮೆಯೂ ಗಾಯರಾಣದೊಳಕ್ಕೆ ಬಂತು. ಉತ್ತವರಲ್ಲಿ ಭೂಹೀನರು ಇದ್ದರು, ಉಳ್ಳವರೂ ಇದ್ದರು. ಈ ಜಟಿಲತೆಯನ್ನು ಮರೆತು ಒತ್ತುವರಿಯೆಲ್ಲ ಒಂದೇ ಎನ್ನುವುದು ಸರಿಯಾಗದು. ಊರ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟದ್ದು 2011ರ ಜನವರಿಯಲ್ಲಿ.

ಆದರೆ ಧಾರವಾಡ ಜಿಲ್ಲೆಯಲ್ಲಿ ಜನ ಎದ್ದು ನಿಂತದ್ದು ಸಣ್ಣ ಒತ್ತುವರಿದಾರರ ಮೇಲಲ್ಲ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ತುಂಗಭದ್ರೆಯ ದಡದ ಕಾರ್ಖಾನೆಗೆ ತಿರುಳು ಒದಗಿಸಲು ನೀಲಗಿರಿ ಬೆಳೆಸುವುದು ಅದರ ಕೆಲಸ. ಅದಕ್ಕಾಗಿ ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯನ್ನು 40 ವರ್ಷಗಳ ಮಟ್ಟಿಗೆ ಬಿಟ್ಟುಕೊಡುವ ಯೋಜನೆಯಾಯಿತು. ಕಡತದಲ್ಲಿ ಇದು ಕಳಪೆ ನೆಲ. ಊರಿನವರಿಗೆ ಅದು ದನಕುರಿಯ ಮೇವು, ಒಲೆಯ ಕಟ್ಟಿಗೆ, ಬೇಸಾಯದ ಸಾಮಾನಿಗೆ ಬೇಕಾದ ಮರ, ಬಾರಿಹಣ್ಣು. ನೀಲಗಿರಿಯ ಎಲೆಯನ್ನು ಕುರಿ ಮುಟ್ಟುವುದಿಲ್ಲ. ಒತ್ತೊತ್ತಾಗಿ ನೆಟ್ಟ ತೋಪಿನಡಿ ನೆರಳು, ನೀರಿನ ಪೈಪೋಟಿ, ಉದುರಿದ ಎಲೆಯ ಎಣ್ಣೆಯಂಶ ಇವೆಲ್ಲ ಕೂಡಿ ಹುಲ್ಲು ತೆಳ್ಳಗಾಗುತ್ತದೆ.

ಎಸ್.ಆರ್. ಹಿರೇಮಠರ ಮುಂದಾಳತ್ವದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಹೋರಾಟ ಎರಡು ಕಾಲಿನ ಮೇಲೆ ನಡೆಯಿತು. ಒಂದು ನ್ಯಾಯಾಲಯದ್ದು: ಶಿವರಾಮ ಕಾರಂತರನ್ನೂ ಒಳಗೊಂಡ ಅರ್ಜಿದಾರರು 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದರು, 1987ರ ಮಾರ್ಚಿನಲ್ಲಿ ಹೊಸದಾಗಿ ಭೂಮಿ ಹಸ್ತಾಂತರಿಸದಂತೆ ತಡೆಯಾಜ್ಞೆ ಬಂತು. ಇನ್ನೊಂದು ನೆಲದ ಮೇಲಿನದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿ ಅಹಿಂಸೆಯ ಪ್ರತಿಜ್ಞೆ ಮಾಡಿ ತೋಪಿಗೆ ನಡೆದರು. ನೂರು ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹಣ್ಣು ಮತ್ತು ಮೇವು ಕೊಡುವ ಊರ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂಬ ಈ ಸತ್ಯಾಗ್ರಹ ಕಿತ್ತುಹಾಕುವುದಕ್ಕಷ್ಟೇ ನಿಲ್ಲದೆ ಬದಲಿಗೆ ಏನಿರಬೇಕೆಂದೂ ಹೇಳಿತ್ತು, ಅದರ ಬಲ ಇರುವುದು ಅಲ್ಲೇ. ಅರ್ಜಿ, ಸಭೆ, ಸಹಿ ಸಂಗ್ರಹಗಳು ಮುಂದುವರಿದವು. ಕೊನೆಗೆ 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು. 1997ರಲ್ಲಿ ಧಾರವಾಡ ಜಿಲ್ಲೆ ಮೂರಾಗಿ ಒಡೆದ ಮೇಲೆ ಕುಸನೂರು ಹಾವೇರಿ ಜಿಲ್ಲೆಗೆ ಸೇರಿದೆ.

ಕುಸನೂರಿನ ಗೆಲುವನ್ನು ಇಂದಿನ ಪರಿಸರ ವಿಜ್ಞಾನದ ಬೆಳಕಿನಲ್ಲಿ ನೋಡಿದರೆ ಒಂದು ಕೊರತೆಯೂ ಕಾಣುತ್ತದೆ. ಆ ಕಾಲದ ಚರ್ಚೆಯೆಲ್ಲ ಯಾವ ಮರ ಎಂಬುದರ ಸುತ್ತ ಇತ್ತು; ಬಯಲಿಗೆ ಮರ ಬೇಕೇ ಎಂದು ಕೇಳಿದವರು ವಿರಳ. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಾಮಾಜಿಕ ಅರಣ್ಯ ಯೋಜನೆಯಾಗಲಿ, 1993ರಿಂದ ರೂಪುಗೊಂಡ ಗ್ರಾಮ ಅರಣ್ಯ ಸಮಿತಿಗಳಾಗಲಿ, ಕೆಲಸವನ್ನು ಅಳೆದದ್ದು ನೆಟ್ಟ ಸಸಿಯ ಲೆಕ್ಕದಲ್ಲೇ. ಹುಲ್ಲು ಯಾರ ಗುರಿಪಟ್ಟಿಯಲ್ಲೂ ಮೇಲೆ ಬರಲಿಲ್ಲ.

ಅದರ ಬೆಲೆ ಏನೆಂಬುದನ್ನು ರಾಣೇಬೆನ್ನೂರಿನಲ್ಲಿ ನೋಡಬಹುದು. ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಿಸಿದ ಅಲ್ಲಿನ 119 ಚದರ ಕಿಲೋಮೀಟರ್ ಧಾಮದ ಬಹುಭಾಗ ನೀಲಗಿರಿ ನೆಡುತೋಪು. ಕೃಷ್ಣಮೃಗ ಬಯಲಿನ ಜೀವಿ. ಅಪಾಯವನ್ನು ದೂರದಿಂದಲೇ ಕಂಡು ಓಡುವುದು ಅದರ ರಕ್ಷಣೆ. ತೋಪಿನಲ್ಲಿ ಕಣ್ಣಿಗೂ ಕಾಲಿಗೂ ತಡೆ, ಹುಲ್ಲೂ ಕಡಿಮೆ. ಆದ್ದರಿಂದ ಹಿಂಡುಗಳು ಸುತ್ತಲಿನ ಹೊಲಕ್ಕೆ ಇಳಿಯುತ್ತವೆ, ರೈತರ ಸಿಟ್ಟಿಗೆ ಗುರಿಯಾಗುತ್ತವೆ. ಒಂದು ಕಾಲಕ್ಕೆ ಇದೇ ಬಯಲಿನಲ್ಲಿದ್ದ ಎರೆಭೂತ ಹಕ್ಕಿ ಈಗ ಇಲ್ಲ. ರಾಜ್ಯದಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ, ಇಡೀ ದೇಶದಲ್ಲೇ ನೂರೈವತ್ತನ್ನು ಮುಟ್ಟುವುದಿಲ್ಲ. ತೋಳದ ಕತೆ ಇನ್ನೊಂದು ಬಗೆಯದು. ದಖ್ಖನಿನ ತೋಳ ಬಹುಮಟ್ಟಿಗೆ ಧಾಮಗಳ ಹೊರಗೆ, ಕುರಿಹಟ್ಟಿಗಳ ನಡುವೆಯೇ ಬದುಕುತ್ತದೆ. ಆಗಾಗ ಒಂದು ಮರಿ ಹೋದರೆ ಅದು ತೋಳನ ಪಾಲು ಎಂದುಕೊಳ್ಳುವ ಹಳೆಯ ಕುರಿಗಾಹಿಗಳು ಇದ್ದಾರೆ. ಆ ಸಹನೆ ಇಲ್ಲದಿದ್ದರೆ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ಧಾಮ ಮಾಡುವಷ್ಟು ತೋಳಗಳು ಉಳಿಯುತ್ತಿರಲಿಲ್ಲ.

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಜನರ ಹೋರಾಟ ಮತ್ತೊಂದು ದಾರಿ ಹಿಡಿಯಿತು. ಔಷಧಿ ಸಸ್ಯಗಳಿಗೂ ಹುಲ್ಲಿನ ಇಳಿಜಾರುಗಳಿಗೂ ಹೆಸರಾದ, ಒಡಲಲ್ಲಿ ಚಿನ್ನ ಮತ್ತು ಕಬ್ಬಿಣದ ಅದಿರಿರುವ ಈ ಬೆಟ್ಟಸಾಲನ್ನು 2015ರ ಡಿಸೆಂಬರಿನಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿ, 2016ರ ನವೆಂಬರಿನಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಧರಣಿ ಕೂತರು, 2017ರ ಏಪ್ರಿಲ್‌ನಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವೇ ಆಯಿತು. ಗಣಿ ತಡೆಯಲು ಇದಕ್ಕಿಂತ ಗಟ್ಟಿ ಬೇಲಿ ಇಲ್ಲ, ನಿಜ. ಆದರೆ ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಕೂರಬೇಕೆಂದು 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯೇ ಹೇಳುತ್ತದೆ. ಧಾಮದಲ್ಲಿ ಮೇವಿನ ತೀರ್ಮಾನ ಮುಖ್ಯ ವನ್ಯಜೀವಿ ಪರಿಪಾಲಕರ ಕೈಯಲ್ಲಿರುತ್ತದೆ. ಗುಡ್ಡ ಉಳಿಸಲು ಬೀದಿಗಿಳಿದ ಊರಿನ ಕುರಿಗಾಹಿಯೇ ನಾಳೆ ಅದೇ ಗುಡ್ಡ ಹತ್ತಲು ಅಪ್ಪಣೆ ಕೇಳಬೇಕಾಗಬಹುದು.

ಹುಲ್ಲುಗಾವಲು ಉಳಿಯುವುದಕ್ಕೆ ಅದನ್ನು ನಂಬಿದ ಕಸುಬೂ ಗಿಟ್ಟಬೇಕು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1.11 ಕೋಟಿ, ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ಮೂರನೇ ಸ್ಥಾನ. ಕುರಿ ಹೆಚ್ಚಿದ್ದರೂ ಉಣ್ಣೆಗೆ ಬೆಲೆಯಿಲ್ಲ. ದಖ್ಖನಿ ಕುರಿಯ ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹಿಂಜಿದ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಅಂಟು ಬಳಿದು ಗಂಡಸರು ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ರಾಣೇಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಇದಕ್ಕೆ ಹೆಸರಾದ ಊರು. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಹಸಿ ಅನಿಸುವುದಿಲ್ಲ. ಕಂಬಳಿಯ ಕೊಪ್ಪೆ ಹೊದ್ದು ಮಳೆಯಲ್ಲಿ ದುಡಿದವರಿಗೆ ಇದನ್ನು ವಿಜ್ಞಾನ ಹೇಳಬೇಕಾಗಿರಲಿಲ್ಲ. ಯಂತ್ರದ ಅಗ್ಗದ ರಗ್ಗು, ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಕಂಬಳಿಯ ಗಿರಾಕಿ ಕಡಿಮೆಯಾದ. ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಎಸೆಯುವ ಹಟ್ಟಿಗಳಿವೆ. ಮಾಂಸದ ಪೇಟೆ ಬೆಳೆದಂತೆ ಎಳಗ, ಮಾಡಗ್ಯಾಳದಂಥ ದೊಡ್ಡ ಮೈಯ ಟಗರುಗಳನ್ನು ಹಿಂಡಿಗೆ ಬಿಡುವ ರೂಢಿ ಬಂತು. ಮರಿ ಬೇಗ ತೂಗುತ್ತದೆ, ಆದರೆ ಉಣ್ಣೆ ಹೋಗುತ್ತದೆ, ಕಡಿಮೆ ಮೇವಿನಲ್ಲಿ ಬಾಳುವ ತಾಳಿಕೆಯೂ ತಗ್ಗುತ್ತದೆ.

ನಾರಿನಿಂದ ಬದುಕುವ ಹಳ್ಳಿಗಳನ್ನು ಸಂಸ್ಥೆಯೊಂದು ಹೇಗೆ ಹಿಡಿದಿಡಬಲ್ಲದು, ಅದರ ಮಿತಿಯೇನು ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಪಾಠವಿದೆ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿ. ರಾಷ್ಟ್ರಧ್ವಜದ ಬಟ್ಟೆ ಬಾಗಲಕೋಟೆಯ ಕಡೆಯ ಹಳ್ಳಿಗಳಲ್ಲಿ ತಯಾರಾಗಿ ಬೆಂಗೇರಿಗೆ ಬಂದು ಬಣ್ಣ ಪಡೆಯುತ್ತದೆ, ಚಕ್ರ ಅಚ್ಚಾಗುತ್ತದೆ, ಹೊಲಿಗೆಯಾಗುತ್ತದೆ. ನೂಲು, ನೇಯ್ಗೆ, ಬಣ್ಣ, ಗುಣಮಟ್ಟದ ಪರೀಕ್ಷೆ ಎಲ್ಲವೂ ಒಂದೇ ಸಂಸ್ಥೆಯ ಲೆಕ್ಕದಲ್ಲಿರುವುದರಿಂದ ದಲ್ಲಾಳಿಗೆ ಎಡೆ ಕಡಿಮೆ. ಉಣ್ಣೆಗೆ ಈ ಸೀಮೆಯಲ್ಲಿ ಇಂಥ ಸರಪಳಿ ಕಟ್ಟಿಕೊಂಡಿಲ್ಲ. ಕುರಿಗಾಹಿ, ನೂಲುವವಳು, ನೇಕಾರ, ವ್ಯಾಪಾರಿ ಬಿಡಿಬಿಡಿಯಾಗಿದ್ದಾರೆ. ಆದರೆ ಸರಪಳಿ ಇದ್ದರೂ ಸಾಲದು ಎಂಬುದನ್ನೂ ಬೆಂಗೇರಿಯೇ ಹೇಳುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಯಂತ್ರದ ಮತ್ತು ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಾಗ ಕೈಮಗ್ಗದ ಖಾದಿ ಧ್ವಜಕ್ಕಿದ್ದ ಮೀಸಲು ಪೇಟೆಗೆ ಒಮ್ಮೆಲೇ ಪೆಟ್ಟು ಬಿತ್ತು. ಹಳ್ಳಿಯ ಕಸುಬು ಒಂದೇ ಗಿರಾಕಿಯ ಮೇಲೆ, ಒಂದೇ ನಿಯಮದ ಮೇಲೆ ನಿಂತಿದ್ದರೆ ಹೀಗಾಗುತ್ತದೆ. ಕಂಬಳಿಯ ಜೊತೆಗೆ ನೆಲಹಾಸು, ಚೀಲ, ಪಾದರಕ್ಷೆಗಳಿಗೂ ಒರಟು ಉಣ್ಣೆ ಬಳಸುವ ಪ್ರಯತ್ನಗಳು ದಖ್ಖನಿನಲ್ಲಿ ನಡೆದಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಸಮುದಾಯದ ಕೈಗೆ ಮೇವಿನ ನೆಲ ಕೊಟ್ಟರೆ ಹಾಳಾಗುತ್ತದೆಂಬ ಅನುಮಾನಕ್ಕೆ 1968ರ ಒಂದು ಲೇಖನ ಬೇರು. ಪ್ರತಿಯೊಬ್ಬನೂ ಇನ್ನೊಂದು ದನ ಹೆಚ್ಚು ಬಿಡುತ್ತ ಹೋಗಿ ಗಾವಲು ನಾಶವಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ ಅದರಲ್ಲಿ ವಾದಿಸಿದ್ದರು. ಅವರ ಊಹೆಯ ಗಾವಲಿನಲ್ಲಿ ಜನ ಪರಸ್ಪರ ಮಾತಾಡುವುದೇ ಇಲ್ಲ. ನಿಜವಾದ ಊರುಗಳನ್ನು ನೋಡಿದ ಎಲಿನರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಬೇರೆಯದನ್ನೇ ತೋರಿಸಿದರು: ಯಾರು ಬಳಸಬಹುದೆಂಬ ಗಡಿ ಸ್ಪಷ್ಟವಿದ್ದು, ನಿಯಮವನ್ನು ಬಳಸುವವರೇ ಮಾಡಿ, ತಪ್ಪಿಗೆ ತಕ್ಕ ದಂಡವಿದ್ದು, ಸರ್ಕಾರ ಆ ಹಕ್ಕನ್ನು ಒಪ್ಪಿಕೊಂಡರೆ ಸಾಮೂಹಿಕ ಸಂಪತ್ತು ತಲೆಮಾರುಗಟ್ಟಲೆ ಉಳಿಯುತ್ತದೆ. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ದಖ್ಖನಿನ ಮಟ್ಟಿಗೆ ಒಂದು ತಿದ್ದುಪಡಿ ಬೇಕಾಗುತ್ತದೆ. ಇಲ್ಲಿ ಬಳಕೆದಾರರೆಲ್ಲ ಒಂದೇ ಊರಿನವರಲ್ಲ; ವರ್ಷದಲ್ಲಿ ಎರಡು ತಿಂಗಳು ಬರುವ ಹಟ್ಟಿಗೂ ಹಕ್ಕಿದೆ. ಊರಿನ ಸಮಿತಿ ಬೇಲಿ ಹಾಕಿ ಹೊರಗಿನ ಕುರಿಯನ್ನು ತಡೆದರೆ ಸಮುದಾಯದ ಹೆಸರಿನಲ್ಲೇ ಅಲೆಮಾರಿಗೆ ಅನ್ಯಾಯವಾಗುತ್ತದೆ.

ಸಮುದಾಯವೇ ಹುಲ್ಲುಗಾವಲನ್ನು ಕಾಯುವ ವಿಚಾರದಲ್ಲಿ ಗುಜರಾತಿನ ಕಛ್‌ನ ಬನ್ನಿ ಬಯಲು ಹತ್ತಿರದ ಉದಾಹರಣೆ. ಅಲ್ಲಿ ಅರಣ್ಯ ಇಲಾಖೆ 1961ರಲ್ಲಿ ಬಳ್ಳಾರಿ ಜಾಲಿ ನೆಟ್ಟಿತು. ದನಗಳು ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡಿ ಹುಲ್ಲುಗಾವಲಿನ ದೊಡ್ಡ ಪಾಲು ಮುಳ್ಳುಕಂಟಿಯಾಯಿತು. 2008ರಲ್ಲಿ ಅಲ್ಲಿನ ಪಶುಪಾಲಕರಾದ ಮಾಲಧಾರಿಗಳು ಕಟ್ಟಿಕೊಂಡ ಸಂಘಟನೆ ಮೊದಲು ಕೈಗೆತ್ತಿಕೊಂಡದ್ದು ತಮ್ಮ ಎಮ್ಮೆಯನ್ನು. 2010ರಲ್ಲಿ ಬನ್ನಿ ಎಮ್ಮೆಗೆ ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿತು, ಹಾಲಿನ ಡೈರಿ ಬಂತು, ಆಮೇಲೆ ಜಾಲಿ ಕಿತ್ತು ಹುಲ್ಲು ಮರಳಿಸುವ ಕೆಲಸಕ್ಕೂ ಭೂಮಿಯ ಹಕ್ಕಿನ ಬೇಡಿಕೆಗೂ ಬಲ ಬಂತು. ದಖ್ಖನಿ ಕುರಿಯ ಮಟ್ಟಿಗೆ ಈ ಅನುಕ್ರಮ ಯೋಚಿಸತಕ್ಕದ್ದು: ತಳಿಗೆ ಬೆಲೆ ಬಂದರೆ ಹುಲ್ಲನ್ನು ಕಾಯುವವರು ಸಿಗುತ್ತಾರೆ.

ಕಾಯ್ದೆಯ ಕೊರತೆ ಬಳಕೆಯಲ್ಲಿ ಮಾತ್ರವಲ್ಲ, ಬರಹದಲ್ಲೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ನೆಲೆನಿಂತವರ ಮೇವಿನ ಹಕ್ಕಿನ ಜೊತೆಗೆ ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನೂ ಹೆಸರಿಸಿ ಒಪ್ಪಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ಮತ್ತು ಅವಲಂಬನೆಗೆ ಸಾಕ್ಷ್ಯ ಕೊಡಬೇಕು. ಅಲೆಯುವವನ ಬಳಿ ವಾಸದ ಕಾಗದ ಎಲ್ಲಿಂದ ಬರಬೇಕು? ಗಾಯರಾಣ ಕಂದಾಯ ಭೂಮಿಯಾದ್ದರಿಂದ ಈ ಕಾಯ್ದೆಯ ಹೊರಗೇ ಉಳಿಯುತ್ತದೆ. ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ನಿರ್ವಹಣಾ ಸಮಿತಿಗಳು ತಮ್ಮ ಜನತಾ ದಾಖಲಾತಿಯಲ್ಲಿ ಹುಲ್ಲಿನ ಜಾತಿ, ಕುರಿಯ ತಳಿ, ಹಟ್ಟಿಗಳು ಬರುವ ತಿಂಗಳು, ನಡೆಯುವ ದಾರಿ, ನೀರಿನ ತಾಣಗಳನ್ನು ಬರೆದಿಟ್ಟರೆ ಅದೇ ಒಂದು ಸಾಕ್ಷ್ಯವಾಗುತ್ತದೆ. ಗಾಯರಾಣವನ್ನು ಬೇರೊಂದು ಉದ್ದೇಶಕ್ಕೆ ಕೊಡುವ ಕಡತ ತಹಶೀಲ್ದಾರರ ಮೇಜಿಗೆ ಬಂದಾಗ ಖರಾಬು ಎಂಬ ಪದದ ಎದುರು ಇಡಲು ಊರಿನ ಕೈಯಲ್ಲಿ ಆಗ ಒಂದು ದಾಖಲೆ ಇರುತ್ತದೆ.